ಅಂಟುಮಾತಿನ ಪಾಠ

ಹೋದ ವರ್ಷ ಹೊಳೆಯಾಚೆಯ ಊರಿಗೆ ವಿಜ್ಞಾನದ ಪ್ರಾಕ್ಟಿಕಲ್ ಪರೀಕ್ಷೆಗೆ ಹೋದ ನಮ್ಮ ಶಾಲೆಯ ಮಕ್ಕಳಲ್ಲಿ ಒಬ್ಬರೂ ಪಾಸಾಗಲಿಲ್ಲ. ಪಾಠ ಬರುತ್ತಿರಲಿಲ್ಲ ಎಂದಲ್ಲ. ಜಲಜನಕ ತುಂಬಿದ ಪ್ರನಾಳದ ಬಾಯಿಗೆ ಉರಿಯುವ ಕಡ್ಡಿ ಹಿಡಿದರೆ ‘ಟಪ್’ ಎಂದು ಸದ್ದಾಗಬೇಕು, ಅದನ್ನು ಕೇಳಿ ಬರೆಯಬೇಕು, ಅಷ್ಟೇ. ಮೊದಲು ಕಡ್ಡಿ ಹಿಡಿದ ಹುಡುಗ, ಉರಿ ಕಂಡ ಕೂಡಲೇ ಸದ್ದೂ ಬಂದದ್ದಕ್ಕೆ ಬೆಚ್ಚಿ ಪ್ರನಾಳವನ್ನೇ ನೆಲಕ್ಕೆ ಬಿಟ್ಟ. ಉಳಿದವರು ಅಷ್ಟು ಹೆದರಲಿಲ್ಲ. ಕಡ್ಡಿ ಹಿಡಿದರು, ಆಮೇಲೆ ಕಿವಿ ಚುರುಕು ಮಾಡಿಕೊಂಡು ಕಾದರು. ಸದ್ದು ಅಷ್ಟು ಹೊತ್ತಿಗೆ ಆಗಿಹೋಗಿತ್ತು. ಕಾದು ಕಾದು, ‘ಸದ್ದು ಬರಲಿಲ್ಲ’ ಎಂದು ಬರೆದು ಬಂದರು. ಪರೀಕ್ಷಕರು ಕೇಳಿದ ಪ್ರಶ್ನೆಗಳ ಗತಿಯೂ ಅದೇ. ಅವರ ತುಟಿ ನಿಂತ ಮೇಲೆ ನಮ್ಮ ಮಕ್ಕಳು ಪ್ರಶ್ನೆ ಬರಲಿ ಎಂದು ವಿನಯದಿಂದ ನಿಂತೇ ಇದ್ದರು. ‘ಈ ಊರಿನ ಮಕ್ಕಳಿಗೆ ಬಾಯೇ ಇಲ್ಲ’ ಎಂದು ಪರೀಕ್ಷಕರು ಷರಾ ಬರೆದು ಕಳಿಸಿದರು.

ನಮ್ಮೂರಿನಲ್ಲಿ ಸದ್ದು ಒಂದು ಉಸಿರಿನಷ್ಟು ತಡವಾಗಿ ಬರುತ್ತದೆ. ಪಕ್ಕದಲ್ಲಿ ನಿಂತರೂ ಅಷ್ಟೇ, ಕೆರೆಯಾಚೆ ನಿಂತರೂ ಹೆಚ್ಚುಕಮ್ಮಿ ಅಷ್ಟೇ. ಬಿಂದಿಗೆ ಕೈಜಾರಿ ಬೀಳುವುದು ಮೊದಲು ಕಾಣುತ್ತದೆ, ಬಗ್ಗಿ ಎತ್ತಿಕೊಳ್ಳುವಾಗ ಬಿದ್ದ ಸದ್ದು ಕೇಳುತ್ತದೆ. ಆಡಿದ ಮಾತು ಆಡಿದವರ ಕಿವಿಗೂ ಆಮೇಲೆಯೇ. ಹೊಳೆಯ ಸೇತುವೆ ದಾಟಿದರೆ ಹಾಗಿಲ್ಲ. ಅಲ್ಲಿ ಬಾಯಿ, ಮಾತು ಎರಡೂ ಒಟ್ಟಿಗೆ. ವ್ಯಾಪಾರಕ್ಕೆಂದು ಆಚೆ ಹೋಗಿಬರುವವರು ಮನೆಗೆ ಬಂದು, ಸಂತೆಯಲ್ಲಿ ಎಲ್ಲರೂ ಒಬ್ಬರ ಮೈಮೇಲೊಬ್ಬರು ಬಿದ್ದು ಮಾತಾಡುತ್ತಾರೆ ಎಂದು ತಲೆನೋವಿಗೆ ಪಟ್ಟು ಹಾಕಿಸಿಕೊಳ್ಳುತ್ತಾರೆ.

ಈ ಒಂದು ಉಸಿರಿನ ಮೇಲೆಯೇ ನಮ್ಮೂರಿನ ಸಂಸಾರಗಳು ನಿಂತಿವೆ ಎಂದರೂ ತಪ್ಪಲ್ಲ. ಸಿಟ್ಟಿನಲ್ಲಿ ಬಾಯಿ ಜಾರಿತು ಅನ್ನಿ. ಆಡಿದವರು ತಕ್ಷಣ ಅಂಗೈ ಎತ್ತುತ್ತಾರೆ, ಎದುರಿಗಿದ್ದವರು ಎರಡೂ ಕಿವಿ ಮುಚ್ಚಿಕೊಳ್ಳುತ್ತಾರೆ. ಮಾತು ಬರುತ್ತದೆ, ಕೇಳುವವರಿಲ್ಲದೆ ಹೋಗುತ್ತದೆ. ಏನಂದಿರಿ ಎಂದು ಆಮೇಲೆ ಕೇಳುವಂತಿಲ್ಲ. ಅಂಗೈ ಎತ್ತಿದ ಮಾತನ್ನು ಕೇಳಿಸಿಕೊಳ್ಳುವುದು ಬೇರೆಯವರ ಪೆಟ್ಟಿಗೆ ತೆಗೆದು ನೋಡಿದಷ್ಟೇ ಕೀಳು. ನಮ್ಮ ಪಕ್ಕದ ಮನೆಯ ಅತ್ತೆ ಸೊಸೆ ಇಬ್ಬರೂ ಬೆಳಗಿನ ಕೆಲಸವನ್ನೆಲ್ಲ ಒಂದೇ ಕೈಯಲ್ಲಿ ಮಾಡುತ್ತಾರೆ, ಇನ್ನೊಂದು ಕೈ ಮೇಲೆಯೇ ಇರುತ್ತದೆ ಎಂದು ಬೀದಿಯವರು ನಗುತ್ತಾರೆ. ನಗಲಿ. ಆ ಮನೆ ಇನ್ನೂ ಪಾಲಾಗಿಲ್ಲ.

ನಾನು ವಿಜ್ಞಾನದ ಟೀಚರು. ಶಾಲೆಯ ಹಿಂದಿನ ಕತ್ತಲೆ ಕೋಣೆಯಲ್ಲಿ ಪರದೆ, ಪ್ರೊಜೆಕ್ಟರು, ಎರಡು ಸ್ಪೀಕರು ಇಟ್ಟುಕೊಂಡು ಮಕ್ಕಳಿಗೆ ಪಾಠದ ಚಿತ್ರ ತೋರಿಸುವುದೂ ನನ್ನ ಕೆಲಸ. ಇಲಾಖೆಯಿಂದ ಬರುತ್ತಿದ್ದ ಚಿತ್ರಗಳಲ್ಲಿ, ಆಚೆ ಊರಿನ ಮೇಷ್ಟರು ಬಾಯಾಡಿಸಿ ಮುಗಿಸಿದ ಮೇಲೆ ಅವರ ದನಿ ನಮ್ಮ ಕೋಣೆಯೊಳಕ್ಕೆ ಬರುತ್ತಿತ್ತು. ಅದು ಯಾರಿಗೂ ವಿಚಿತ್ರ ಅನ್ನಿಸಿರಲಿಲ್ಲ. ನಮ್ಮ ಮನೆಗಳಲ್ಲಿ ಹೇಗೋ ಚಿತ್ರದಲ್ಲೂ ಹಾಗೆ. ಫಲಿತಾಂಶ ಬಂದ ಮೇಲೆ ನನಗೆ ಹೊಳೆದದ್ದು, ತೊಂದರೆ ಇದ್ದದ್ದೇ ಅಲ್ಲಿ. ಮಕ್ಕಳು ಆಚೆಯ ಸದ್ದನ್ನು ಒಮ್ಮೆಯೂ ಕೇಳದೆ ಆಚೆಯ ಪರೀಕ್ಷೆಗೆ ಹೋಗಿದ್ದರು.

ನಪಾಸಾದವರಲ್ಲಿ ಮತ್ತೆ ಕಟ್ಟುತ್ತೇನೆ ಎಂದು ಬಂದವಳು ನಂಜಮಣಿ ಒಬ್ಬಳೇ. ಕಮ್ಮಾರ ಮರಿಸಿದ್ದಯ್ಯನ ಮಗಳು. ತಾಯಿ ಇಲ್ಲ, ಇವಳನ್ನು ಹೆತ್ತ ದಿನವೇ ತೀರಿಕೊಂಡಿದ್ದಳು. ಆಚೆ ಊರಿನ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೋರ್ಸಿಗೆ ಸೇರಬೇಕೆಂಬುದು ಇವಳ ಹಟ. ಅದಕ್ಕೆ ಪ್ರಾಕ್ಟಿಕಲ್ ಪಾಸಾಗಲೇಬೇಕು. ಫೀಸು ಕಟ್ಟಲು ಬಂದ ಮರಿಸಿದ್ದಯ್ಯ ನನಗೆ ಕೇಳಲೆಂದೇ ಮಗಳಿಗೆ ಹೇಳಿದ, “ಇದೇ ಕಡೇದು. ಈ ಸಲ ನಪಾಸಾದ್ರೆ ಕುಲುಮೆ ಮುಂದೆ ಕೂತ್ಕೊಂಡು ತಿದಿ ಒತ್ತು.” ಅವಳು ಮುಖ ತಿರುಗಿಸಿದಳು. ಮಾತು ಬರುವಷ್ಟರಲ್ಲಿ ಬಾಗಿಲು ದಾಟಿಯಾಗಿತ್ತು.

ಹೊಸ ಚಿತ್ರ ಮಾಡುವುದಕ್ಕೆ ಜವರಪ್ಪನವರನ್ನು ಕರೆದೆ. ಊರಿನ ಮದುವೆಗಳ ವಿಡಿಯೊ ತೆಗೆಯುವವರು. ಅವರ ವಿಡಿಯೊಗಳಲ್ಲಿ ಅಕ್ಷತೆ ಎಲ್ಲ ನೆಲಕ್ಕೆ ಬಿದ್ದಾದ ಮೇಲೆ ಗಟ್ಟಿಮೇಳ ಕೇಳುವುದು. ಅದೇಕೆ ಅಷ್ಟು ತಡ ಎಂದು ನಾವಿಬ್ಬರೂ ಕೂತು ಯೋಚಿಸಿದೆವು. ತೆಗೆಯುವಾಗ ಸದ್ದು ಕ್ಯಾಮೆರಾದೊಳಕ್ಕೆ ಒಂದು ಉಸಿರು ತಡವಾಗಿ ಹೋಗುತ್ತದೆ, ತೋರಿಸುವಾಗ ಸ್ಪೀಕರಿನಿಂದ ಇನ್ನೊಂದು ಉಸಿರು ತಡವಾಗಿ ಬರುತ್ತದೆ. ಅಂದರೆ, ಇಲ್ಲೇ ತೆಗೆದು ಇಲ್ಲೇ ತೋರಿಸುವ ಚಿತ್ರದಲ್ಲಿ ಸದ್ದನ್ನು ಎರಡು ಉಸಿರು ಮುಂದಕ್ಕೆ ಎಳೆದು ಕೂರಿಸಬೇಕು. ಆಗ ಬಾಯಿ ತೆಗೆದಾಗಲೇ ಮಾತು ಬರುತ್ತದೆ.

ಹೇಳಿದಷ್ಟು ಸುಲಭ ಆಗಲಿಲ್ಲ. ಜವರಪ್ಪನವರು ತಮ್ಮ ಉಸಿರಿನ ಅಳತೆಯಲ್ಲಿ ಎಳೆದು ತಂದರು. ಹಾಕಿ ನೋಡಿದರೆ ಮಾತು ಇನ್ನೂ ಹಿಂದೆಯೇ ಕುಂಟುತ್ತಿತ್ತು.

“ನಿಮ್ಮದು ಬೀಡಿ ಉಸಿರು ಜವರಪ್ಪನೋರೆ,” ಅಂದೆ. “ಅರ್ಧಕ್ಕೇ ತುಂಡಾಗುತ್ತೆ.”

ಅವರು ಮಾತು ಬರುವ ತನಕ ನನ್ನ ಮುಖವನ್ನೇ ನೋಡುತ್ತ ಕಾದು, ಬಂದ ಮೇಲೆ ಹೇಳಿದರು, “ಹಂಗಾದ್ರೆ ನಿಮ್ಮುಸ್ರೇ ಕೊಡಿ ಟೀಚ್ರಮ್ಮ. ಪಾಠ ಮಾಡಿ ಮಾಡಿ ಎಳ್ದು ಎಳ್ದು ಬಿಟ್ಟಿರೋ ಉಸ್ರು, ಉದ್ದ ಇರ್ತದೆ.”

ನನ್ನ ಉಸಿರಿಗೆ ಕೂರಿಸಿದ ಮೇಲೆ ಸರಿಹೋಯಿತು. ಮೊದಲ ಚಿತ್ರದಲ್ಲಿ ನಾನು ಕಡ್ಡಿ ಗೀರಿ ಪ್ರನಾಳದ ಬಾಯಿಗೆ ಹಿಡಿಯುತ್ತೇನೆ, ಟಪ್ ಅನ್ನುತ್ತದೆ, “ಏನು ಕೇಳಿಸಿತು?” ಎಂದು ಕೇಳುತ್ತೇನೆ. ಅಷ್ಟೇ. ಪರದೆಯ ಮೇಲೆ ನನ್ನ ತುಟಿಗೆ ನನ್ನ ದನಿ ಅಂಟಿಕೊಂಡು ಬಂದದ್ದನ್ನು ನೋಡಿ ನಾನೇ ಒಂದು ಹೆಜ್ಜೆ ಹಿಂದಕ್ಕೆ ಸರಿದೆ. ಮಕ್ಕಳಲ್ಲಿ ಕೆಲವರು ಬಿದ್ದು ಬಿದ್ದು ನಕ್ಕರು. ಒಬ್ಬಳು ಅತ್ತಳು. “ಮಿಸ್, ನೀವು ಮೈಮೇಲೆ ದೇವರು ಬಂದೋರ ಥರ ಮಾತಾಡ್ತೀರಿ” ಎಂದು ಇನ್ನೊಬ್ಬ. ಎರಡನೆಯ ದಿನಕ್ಕೆ ಅವರೇ ಅದಕ್ಕೆ ಅಂಟುಮಾತು ಎಂದು ಹೆಸರಿಟ್ಟರು. ನಂಜಮಣಿ ನಗಲಿಲ್ಲ, ಅಳಲಿಲ್ಲ. “ಇನ್ನೊಂದ್ಸಲ ಹಾಕಿ ಮಿಸ್” ಅಂದಳು.

ನಿಧಾನವಾಗಿ ಕಟ್ಟುತ್ತ ಹೋದೆವು. ಮೊದಮೊದಲು ಸದ್ದು ಬರುವ ಮುನ್ನ ಪ್ರನಾಳವನ್ನು ಪರದೆಯ ತುಂಬ ತೋರಿಸಿ, ಈಗ ಕೇಳಿ ಎಂದು ಕಿವಿಯ ಚಿತ್ರ ಹಾಕುತ್ತಿದ್ದೆವು. ಆಮೇಲೆ ಕಿವಿಯನ್ನು ತೆಗೆದೆವು. ಪ್ರಶ್ನೆ ಕೇಳಿ ಉತ್ತರಕ್ಕೆ ಬಿಡುತ್ತಿದ್ದ ಬಿಡುವನ್ನು ಸ್ವಲ್ಪ ಸ್ವಲ್ಪವೇ ಮೊಟಕು ಮಾಡಿದೆವು. ಗುಡುಗಿನ ಲೆಕ್ಕದ ಚಿತ್ರಕ್ಕೆ ಎಲ್ಲಕ್ಕಿಂತ ಹೆಚ್ಚು ದಿನ ಹಿಡಿಯಿತು. ಮಿಂಚು ಕಂಡು ಇಷ್ಟು ಹೊತ್ತಿಗೆ ಗುಡುಗಿದರೆ ಮೋಡ ಎಷ್ಟು ದೂರ ಎಂದು ಕೇಳಿದರೆ, ನಮ್ಮ ಮಕ್ಕಳು ಮೊದಲು ಊರಿನ ಒಂದು ಉಸಿರನ್ನು ಕಳೆದು ಆಮೇಲೆ ಲೆಕ್ಕ ಮಾಡುತ್ತಾರೆ. ನಮ್ಮೂರಿಗೆ ಅದೇ ಸರಿ. ಆಚೆಗೆ ಅದು ತಪ್ಪು. “ಅಲ್ಲಿ ಮೋಡ ದೂರಕ್ಕೆ ಹೋಗ್ಬಿಡುತ್ತಾ ಮಿಸ್?” ಎಂದು ಕೇಳಿದರೆ ಏನು ಹೇಳುವುದು? ಬಯಲಿನಾಚೆ ಒಬ್ಬ ಮರ ಕಡಿಯುತ್ತಿರುವ ಚಿತ್ರ ತೆಗೆದು, ಒಂದು ಸಲ ನಮ್ಮ ಸದ್ದಿನಲ್ಲಿ, ಇನ್ನೊಂದು ಸಲ ಆಚೆಯ ಸದ್ದಿನಲ್ಲಿ ತೋರಿಸಿದೆವು. ಕೊಡಲಿಯೂ ಒಂದೇ, ಮರವೂ ಒಂದೇ, ಲೆಕ್ಕ ಬೇರೆ. ಅದು ಅವರಿಗೆ ಹಿಡಿಸಿತು.

ಬೇಸಗೆ ಬರುವ ಹೊತ್ತಿಗೆ ನಂಜಮಣಿ ಎಲ್ಲರಿಗಿಂತ ಮುಂದಿದ್ದಳು. ಪರದೆಯ ಮೇಲೆ ಪ್ರಶ್ನೆ ಮುಗಿಯುವಷ್ಟರಲ್ಲಿ ಅವಳ ತುಟಿ ಆಡುತ್ತಿತ್ತು. ಇನ್ನೊಂದನ್ನೂ ನಾನು ಕಂಡೆ, ಆದರೆ ಆಗ ಅದು ಒಳ್ಳೆಯದೇ ಎಂದುಕೊಂಡೆ. ಅವಳು ಮಾತಾಡುವವರ ಮುಖ ನೋಡುವುದನ್ನು ಬಿಟ್ಟಿದ್ದಳು. ನೋಟ ಪ್ರನಾಳದ ಮೇಲೆ, ಕಿವಿ ಮಾತಿನ ಮೇಲೆ. ಆಚೆಯವರು ಹಾಗೆಯೇ ಅಲ್ಲವೇ.

ಒಂದು ಬೆಳಿಗ್ಗೆ ಮರಿಸಿದ್ದಯ್ಯ ಕುಲುಮೆಯ ಮಸಿ ತೊಳೆಯದೆ ಕತ್ತಲೆ ಕೋಣೆಯ ಬಾಗಿಲಿಗೆ ಬಂದು ನಿಂತ. ಒಳಕ್ಕೆ ಬನ್ನಿ ಎಂದರೂ ಬರಲಿಲ್ಲ.

“ಟೀಚ್ರೇ, ನನ್ ಮಗ್ಳಿಗೆ ಏನ್ ಕಲ್ಸಿದ್ರಿ?”

“ಯಾಕೆ ಮರಿಸಿದ್ದಯ್ಯನೋರೆ?”

“ನೆನ್ನೆ ಒಂದ್ ಮಾತಾಡ್ದೆ. ಆಡ್ಬಾರ್ದಿತ್ತು. ಕೈ ಎತ್ತಿದೆ. ಹಿಂಗೆ.” ಮಸಿಯ ಅಂಗೈ ಎತ್ತಿ ತೋರಿಸಿದ. “ಅವ್ಳು ನನ್ ಕಡೆ ನೋಡ್ನೇ ಇಲ್ಲ. ಹಿಟ್ಟು ತಿರುವ್ತಾ ಇದ್ಲು. ಇದ್ದಂಗೇ ಮಾತು ಕೇಳ್ಕೊಂಡ್ಬುಟ್ಲು.”

ಏನಂದಿರಿ ಎಂದು ನಾನು ಕೇಳುವಂತಿಲ್ಲ.

“ಅವ್ಳಜ್ಜಿ ಕಾಲ್ದಿಂದ ನಮ್ಮನೇಲಿ ಕೈ ಎತ್ತಿದ್ ಮಾತು ಯಾರ್ ಕಿವಿಗೂ ಬಿದ್ದಿಲ್ಲ. ಸಿಟ್ಟಿನ್ ವಂಶ ನಮ್ದು. ಕೈ ಇದ್ದುದ್ಕೆ ಬದುಕಿದ್ವಿ. ಈಗ ಅವ್ಳು ನನ್ ಮುಂದೆ ಅನ್ನ ಇಕ್ತಾಳೆ, ಮುಖ ನೋಡಲ್ಲ. ನಿಮ್ಮ ಅಂಟುಮಾತು ಸಾಕು. ಪರೀಕ್ಷೆನೂ ಸಾಕು. ಕಳ್ಸಲ್ಲ.”

ಹೇಳಿ ಹೋದ. ‘ಕಳ್ಸಲ್ಲ’ ಎಂಬುದು ನನ್ನ ಕಿವಿಗೆ ಬಂದಾಗ ಅವನು ಅಂಗಳದಲ್ಲಿದ್ದ. ಅಲ್ಲಿಯ ತನಕ ಅಂಗೈ ಎತ್ತುತ್ತಾನೇನೋ ಎಂದು ಬೆನ್ನನ್ನೇ ನೋಡುತ್ತ ನಿಂತಿದ್ದೆ. ಎತ್ತಲಿಲ್ಲ.

ಆದರೂ ಮಧ್ಯಾಹ್ನ ನಂಜಮಣಿ ಎಂದಿನಂತೆ ಪಾಠಕ್ಕೆ ಬಂದಳು. ಎಲ್ಲರೂ ಹೋದ ಮೇಲೆ ಪರದೆ ಸುತ್ತುತ್ತಿದ್ದ ನನ್ನ ಹತ್ತಿರ ಬಂದು, ನಮ್ಮೂರಿನಲ್ಲಿ ಯಾರೂ ಮಾಡದ ಕೆಲಸ ಮಾಡಿದಳು. ಅಂಗೈ ಎತ್ತಿದ ಮಾತನ್ನು ಬಾಯಿಬಿಟ್ಟು ಹೇಳಿದಳು.

“ಕುಲುಮೆಗೆ ಇದ್ದಿಲು ತಂದಿಡೋದು ಮರೆತಿದ್ದೆ ಮಿಸ್. ಅಷ್ಟಕ್ಕೇ ಅಪ್ಪ, ಹೆತ್ತವ್ವನ್ನೇ ತಿಂದ್ಕೊಂಡು ಹುಟ್ದೋಳು ಅಂತು.”

ಮಾತು ನನ್ನ ಕಿವಿಗೆ ಬಂದು ಸೇರಿದ ಮೇಲೆ ಪರದೆ ಸುತ್ತುವುದನ್ನು ನಿಲ್ಲಿಸಿದೆ.

“ಸಿಟ್ಟಲ್ಲಿ ಅಂದದ್ದು ನಂಜಮಣಿ. ಕೈ ಎತ್ತಿದರಂತೆ.”

“ಎಷ್ಟ್ ಸಲ ಎತ್ತಿರ್ಬೋದು ಮಿಸ್?” ಅಂದಳು. “ನಾನು ಹುಟ್ಟಿದಾಗಿಂದ ಅಪ್ಪ ಕೈ ಎತ್ತೋದು, ನಾನು ಕಿವಿ ಮುಚ್ಕೊಳ್ಳೋದು. ಪ್ರತಿ ಸಲಾನೂ ಇದೇ ಮಾತಾ?”

ಅವಳು ಪರದೆಯ ಇನ್ನೊಂದು ತುದಿ ಹಿಡಿದುಕೊಂಡಳು, ಇಬ್ಬರೂ ಸುತ್ತಿ ಮೂಲೆಗೆ ನಿಲ್ಲಿಸಿದೆವು.

ಜವರಪ್ಪನವರಿಗೆ ಪೂರ್ತಿ ಹೇಳಲಿಲ್ಲ, ಮಕ್ಕಳು ಮುಖ ನೋಡುವುದನ್ನು ಮರೆಯುತ್ತಿದ್ದಾರೆ ಎಂದಷ್ಟೇ ಹೇಳಿದೆ. ಅವರು ತಲೆ ಕೆರೆದುಕೊಂಡರು. “ಮದ್ವೆ ಮನೇಲಿ ಹೆಣ್ಣು ಒಪ್ಪಿಸ್ಕೊಡೋದ್ರ ಜೊತೆಗೆ ತೌರಿಗೆ ವಾಪಸ್ ಕರ್ಕೊಂಡ್ ಬರೋ ಶಾಸ್ತ್ರನೂ ಇರ್ತದಲ್ಲ ಟೀಚ್ರಮ್ಮ. ನಾವು ಬರೀ ಕಳ್ಸೋ ಶಾಸ್ತ್ರ ಮಾಡಿದ್ವಿ.” ಸರಿಯಾಗಿತ್ತು. ನಮ್ಮ ಚಿತ್ರಗಳೆಲ್ಲ ಆಚೆಯ ಸದ್ದಿನಲ್ಲಿ ಮುಗಿಯುತ್ತಿದ್ದವು. ಮಕ್ಕಳು ಅದೇ ಕಿವಿ ಹೊತ್ತುಕೊಂಡು ಮನೆಗೆ ಹೋಗುತ್ತಿದ್ದರು.

ಪ್ರತಿ ಪಾಠಕ್ಕೂ ಒಂದು ಬಾಲ ಸೇರಿಸಿದೆವು. ಪ್ರಯೋಗ ಮುಗಿದ ಮೇಲೆ ಪರದೆಯ ಮೇಲೆ ಸೇತುವೆ ಬರುತ್ತದೆ, ಸೇತುವೆ ದಾಟಿ ನಮ್ಮೂರು ಬರುತ್ತದೆ, ಅಲ್ಲಿಂದ ಸದ್ದು ಮತ್ತೆ ಒಂದು ಉಸಿರು ಹಿಂದೆ. ಯಾರೋ ಒಬ್ಬರು ಏನೋ ಅಂದು ಅಂಗೈ ಎತ್ತುತ್ತಾರೆ, ಮಕ್ಕಳು ನೋಡಿ ಕಿವಿ ಮುಚ್ಚಿಕೊಳ್ಳಬೇಕು. ಮುಚ್ಚಿಕೊಳ್ಳದವರು ಮೊದಲಿನಿಂದ ಪಾಠ ನೋಡಬೇಕು. ಊರಿನವರನ್ನೇ ಕರೆದು ತೆಗೆದೆವು. ಪಕ್ಕದ ಮನೆಯ ಅತ್ತೆ ಸೊಸೆಗೆ ಏನೂ ಹೇಳಿಕೊಡಬೇಕಾಗಲೇ ಇಲ್ಲ. ಕ್ಯಾಮೆರಾ ಇದೆ ಎಂಬುದನ್ನೂ ಮರೆತು ಶುರುಮಾಡಿಕೊಂಡರು, ನಿಲ್ಲಿಸುವುದೇ ಕಷ್ಟವಾಯಿತು.

ಶಾಖದ ಪಾಠಕ್ಕೆ ಕಾದ ಕಬ್ಬಿಣವನ್ನು ನೀರಿಗೆ ಅದ್ದುವ ಚಿತ್ರ ಬೇಕಿತ್ತು. ಊರಿಗೆ ಇರುವುದು ಒಂದೇ ಕುಲುಮೆ. ಹೋಗಿ ಕೇಳಿದೆ. ಮರಿಸಿದ್ದಯ್ಯ ತುಂಬ ಹೊತ್ತು ಸುತ್ತಿಗೆ ಬಡಿಯುತ್ತಲೇ ಇದ್ದ. ಅವನು ನಿಲ್ಲಿಸಿದ ಮೇಲೂ ಒಂದು ಏಟು ಬಾಕಿ ಕೇಳಿತು.

“ಕೊನೇಲಿ ಕೈ ಎತ್ತೋದೂ ಉಂಟಂತೆ,” ಅಂದ.

“ಉಂಟು. ಬೇಡ ಅಂದ್ರೆ ಕಬ್ಬಿಣ ಅದ್ದೋದು ಮಾತ್ರ ತೆಗೀತೀವಿ.”

“ತೆಗೀರಿ, ಎರಡೂ.”

ಕೆಂಪಗೆ ಕಾದ ಸಲಾಕೆಯನ್ನು ನೀರಿಗಿಟ್ಟ. ಆವಿ ಎದ್ದಿತು, ಚುಂಯ್ ಎಂಬುದು ಆಮೇಲೆ ಬಂತು. ಕ್ಯಾಮೆರಾ ಕಡೆ ತಿರುಗಿ ಏನೋ ಬಾಯಾಡಿಸಿದ, ಅಂಗೈ ಎತ್ತಿದ. ನಾನೂ ಜವರಪ್ಪನವರೂ ರೂಢಿಯಂತೆ ಕಿವಿ ಮುಚ್ಚಿಕೊಂಡೆವು.

ಆ ಪಾಠ ತೋರಿಸಿದ ದಿನ ಮಕ್ಕಳೆಲ್ಲ ಕಿವಿ ಮುಚ್ಚಿಕೊಂಡು ಕೂತಿದ್ದಾಗ, ಮುಂದಿನ ಸಾಲಿನ ನಂಜಮಣಿಯ ಕೈಗಳು ತೊಡೆಯ ಮೇಲೆಯೇ ಇದ್ದವು. ಪರದೆಯ ಮೇಲಿನ ಅಪ್ಪನ ಮುಖವನ್ನು ಕಣ್ಣು ಕೀಳದೆ ನೋಡುತ್ತಿದ್ದಳು. ಪಾಠ ಮುಗಿದ ಮೇಲೆ ನನ್ನ ಹತ್ತಿರ ಬಂದಳು.

“ಏನೂ ಬರ್ಲಿಲ್ಲ ಮಿಸ್.”

“ಏನು?”

“ಅಪ್ಪ ಬಾಯಷ್ಟೇ ಆಡ್ಸೈತೆ. ಮಾತೇ ಆಡಿಲ್ಲ.”

ಜವರಪ್ಪನವರು ಸದ್ದಿನ ಪಟ್ಟಿಯನ್ನು ತಡಕಿ ನೋಡಿದರು. ಹೌದು, ಆ ಜಾಗದಲ್ಲಿ ತಿದಿಯ ಉಸಿರು ಬಿಟ್ಟರೆ ಬೇರೇನೂ ಇರಲಿಲ್ಲ.

ಅದಾಗಿ ಕೆಲವು ದಿನಕ್ಕೆ ಪರೀಕ್ಷೆಯ ಹಾಲ್ ಟಿಕೆಟ್ಟು ಬಂತು. ಕೊಡಲೆಂದು ಕುಲುಮೆಗೆ ಹೋದೆ. ಬೇಡ ಎನ್ನುತ್ತಾನೆ ಎಂದುಕೊಂಡೇ ಹೋಗಿದ್ದೆ. ಮರಿಸಿದ್ದಯ್ಯ ಕೈ ಒರೆಸಿಕೊಂಡು ಚೀಟಿ ಇಸಿದುಕೊಂಡ. “ನಾನೂ ಬರ್ತೀನಿ,” ಅಂದ. ಅವನು ಹುಟ್ಟಿದಾಗಿನಿಂದ ಸೇತುವೆ ದಾಟಿದವನಲ್ಲ. “ಅಲ್ಲಿ ಗಲಾಟೆ ಇರುತ್ತೆ, ಕಷ್ಟ ಆಗುತ್ತೆ ನಿಮಗೆ,” ಅಂದರೆ, “ದಿನಾ ಸುತ್ತಿಗೆ ಬಡಿಯೋನಿಗೆ ಏನ್ ಗಲಾಟೆ” ಅಂದ.

ಬಸ್ಸು ಸೇತುವೆಯ ಮೇಲೆ ಹೋಗುತ್ತಿದ್ದಾಗ, ಹಿಂದೆ ಉಳಿದಿದ್ದ ಸದ್ದೆಲ್ಲ ಒಮ್ಮೆಗೇ ಓಡಿಬಂದು ನಮ್ಮನ್ನು ಹಿಡಿಯಿತು. ಮರಿಸಿದ್ದಯ್ಯ ಮುಂದಿನ ಸೀಟಿನ ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಊರು ಮುಟ್ಟುವ ತನಕ ಬಾಯಿ ತೆಗೆಯಲಿಲ್ಲ. ಕಂಡಕ್ಟರು ಟಿಕೆಟ್ ಕೇಳಿದಾಗಲೂ ಬೆರಳು ತೋರಿಸಿದ. ಇಲ್ಲಿ ಆಡಿದರೆ ಆಡಿದ್ದೇ ಎಂದು ಅವನಿಗೆ ಗೊತ್ತಿತ್ತು.

ಪರೀಕ್ಷೆ ನಡೆಯುತ್ತಿದ್ದ ಶಾಲೆಯ ಎದುರಿಗೆ ಒಂದು ಟೀ ಅಂಗಡಿ. ಅಲ್ಲಿಯೇ ಬೆಂಚಿನ ಮೇಲೆ ಕೂತೆವು. ಈ ವರ್ಷ ಮೊದಲ ಸಲ ಕಟ್ಟಿದ್ದ ನಮ್ಮ ಬೇರೆ ಮಕ್ಕಳು ಒಬ್ಬೊಬ್ಬರೇ ಹೊರಗೆ ಬಂದರು. ಒಬ್ಬ ಗುಡುಗಿನ ಲೆಕ್ಕದಲ್ಲಿ ರೂಢಿ ತಪ್ಪದೆ ಉಸಿರು ಕಳೆದು ಬಂದಿದ್ದ. ಉಳಿದವರು ಪರವಾಗಿಲ್ಲ ಅನ್ನುವಂತೆ ಇದ್ದರು. ನಂಜಮಣಿ ಕೊನೆಗೆ ಬಂದಳು.

“ಟಪ್ ಅಂತು ಮಿಸ್,” ಅಂದಳು. “ಕಡ್ಡಿ ಹಿಡಿದ್ನಲ್ಲ, ಅಲ್ಲೇ ಅಂತು. ಬರೆದೆ.”

“ಪ್ರಶ್ನೆ?”

“ಕೇಳಿದ್ದಕ್ಕೆಲ್ಲ ಅಲ್ಲಲ್ಲೇ ಹೇಳ್ದೆ. ಅವ್ರೇ ಕೊನೆಗೆ, ಸ್ವಲ್ಪ ಯೋಚ್ನೆ ಮಾಡಿ ಹೇಳಮ್ಮ, ಅವಸರ ಇಲ್ಲ ಅಂದ್ರು.”

ನಾನು ನಕ್ಕೆ. ಅವಳೂ ನಕ್ಕಳು. ಆಮೇಲೆ ಅಪ್ಪನ ಕಡೆ ತಿರುಗಿದಳು. ಮರಿಸಿದ್ದಯ್ಯ ಬೆಂಚಿನಿಂದ ಎದ್ದು ನಿಂತಿದ್ದ. ಟೀ ಲೋಟ ಕೈಯಲ್ಲೇ ಇತ್ತು.

ನಮ್ಮೂರಿನಲ್ಲಾದರೆ ಅವನ ತುಟಿ ಅಲುಗಿದ್ದನ್ನು ಕಂಡು, ಇದು ನನಗೆ ಸೇರಿದ ಮಾತಲ್ಲ ಎಂದು ನಾನು ಮಾತು ಬರುವಷ್ಟರಲ್ಲಿ ಆ ಕಡೆಗೆ ಹೋಗಿಬಿಡುತ್ತಿದ್ದೆ. ಇಲ್ಲಿ ಅದಕ್ಕೆ ಹೊತ್ತು ಇರಲಿಲ್ಲ.

“ನಿಮ್ಮವ್ವ ಸಂಜೆನೇ ಗಾಡಿ ಕಟ್ಟು, ಆಚೆ ಆಸ್ಪತ್ರೆಗೆ ಹೋಗನ ಅಂದ್ಲು,” ಅಂದ ಮರಿಸಿದ್ದಯ್ಯ. ದನಿ ಅವನು ಎಣಿಸಿದ್ದಕ್ಕಿಂತ ಬೇಗ ಅವನ ಕಿವಿಗೇ ಬಡಿದು ಅವನು ಒಂದು ಕ್ಷಣ ತಡವರಿಸಿದ. “ಬೆಳಗಾಗ್ಲಿ ಅಂದೆ. ಎಲ್ರೂ ಮನೇಲೇ ಹೆರ್ತಾರೆ, ನೀನೇನ್ ಹೊಸಬ್ಳಾ ಅಂದೆ. ಅದಕ್ಕೇ ಹೋದ್ಲು. ನೀನ್ ತಿಂದಿದ್ದಲ್ಲ. ನಾನ್ ತಡ ಮಾಡಿದ್ದು.”

ಟೀ ಅಂಗಡಿಯವನು ಬೋಸಿ ತೊಳೆಯುತ್ತಿದ್ದ. ರಸ್ತೆಯಲ್ಲಿ ಒಂದು ಟೆಂಪೊ ಹಾರನ್ ಮಾಡಿಕೊಂಡು ಹೋಯಿತು. ನಂಜಮಣಿ ಅಪ್ಪನ ಮುಖವನ್ನೇ ನೋಡುತ್ತಿದ್ದಳು.

“ಕೇಳಿಸ್ತಾ?” ಅಂದ ಅವನು. ಅಂಥ ಪ್ರಶ್ನೆ ಆ ಊರಿನಲ್ಲಿ ಯಾರೂ ಕೇಳುವುದಿಲ್ಲ.

“ಕೇಳಿಸ್ತು ಕಣಪ್ಪ,” ಅಂದಳು.

ಅವಳು ಅವನ ಕೈಯಿಂದ ಖಾಲಿ ಲೋಟ ಇಸಿದುಕೊಂಡು ಹೋಗಿ ಅಂಗಡಿಯ ಕಟ್ಟೆಯ ಮೇಲೆ ಇಟ್ಟಳು.